ಚಾಸಿಯ ಮೇಲಿನ ಸೀಮೆಸುಣ್ಣ

ಗುಬ್ಬಿಯ ನಮ್ಮ ಮನೆಯ ಹಿಂದೆ ಒಂದು ಶೆಡ್ಡಿತ್ತು. ಮೇಲೆ ಅಟ್ಟದಲ್ಲಿ ಕೊಬ್ಬರಿಗೆಂದು ಬಿಟ್ಟ ತೆಂಗಿನಕಾಯಿ, ಕೆಳಗೆ ಅಣ್ಣನ ಬೈಕು. ತೊಂಬತ್ತರ ದಶಕದ ಕೊನೆಯ ಮಾತು. ಗುಜರಿಯಿಂದ ತಂದ ಹಳೆಯ ಬೈಕಿನ ಚಾಸಿಯನ್ನು ಹ್ಯಾಂಡಲ್ ಹತ್ತಿರ ಕತ್ತರಿಸಿ, ಬೇರೆ ಪೈಪು ಸೇರಿಸಿ, ಮುಂದಿನ ಚಕ್ರ ದೂರಕ್ಕೆ ಚಾಚಿಕೊಳ್ಳುವಂತೆ ಮಾಡಬೇಕೆಂಬುದು ಅವನ ಆಸೆ. ನಾನು ತುಮಕೂರಿನಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ಕೋನ ಅಳೆದು ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆದುಕೊಟ್ಟವಳು ನಾನೇ.

"ಅಟ್ಟದ ಕೆಳಗೆ ಕಿಡಿ ಹಾರಿಸಿದ್ರೆ ಕೊಬ್ಬರಿ ಜೊತೆ ನಿನ್ನೂ ಗಾಣಕ್ಕೆ ಹಾಕ್ತೀನಿ, ನೋಡ್ಲಾ" ಎಂದು ಅಮ್ಮ ಹೇಳಿದ್ದರಿಂದ ವೆಲ್ಡಿಂಗ್ ಎಲ್ಲ ಅಂಗಳದಲ್ಲೇ.

ಅಣ್ಣನಿಗೆ ಬರುತ್ತಿದ್ದುದು ಟ್ಯಾಕ್ ಹೊಡೆಯುವುದು ಮಾತ್ರ. ಅಂದರೆ ಪೈಪು ಜರುಗದಂತೆ ಚುಕ್ಕೆಯಷ್ಟು ಬೆಸೆಯುವುದು. ಸುತ್ತಲೂ ಪೂರ್ತಿ ವೆಲ್ಡ್ ಮಾಡುತ್ತಿದ್ದವರು ಪೇಟೆಯಲ್ಲಿ ಗ್ರಿಲ್ ಅಂಗಡಿ ಇಟ್ಟಿದ್ದ ಭಾಯಿ. ಅವರು ಬಿಡುವಾದಾಗ ಬರುತ್ತಿದ್ದರು, ಆಗ ಅಣ್ಣ ಕೆಲಸಕ್ಕೆ ಹೋಗಿರುತ್ತಿದ್ದ. ಹಾಗಾಗಿ ಬಾಕಿ ಇರುವ ಜಾಯಿಂಟಿನ ಸುತ್ತ ಅಣ್ಣ ಸೀಮೆಸುಣ್ಣದಲ್ಲಿ ಬಳೆಯಂಥ ಗೆರೆ ಎಳೆದಿಡುತ್ತಿದ್ದ. ಕೆಲಸ ಮುಗಿದರೆ ಭಾಯಿ ಅದನ್ನು ಒರೆಸಿ ಹೋಗುತ್ತಿದ್ದರು. ಬಳೆ ಇಲ್ಲವೆಂದರೆ ಕೆಲಸ ಆಗಿದೆ ಎಂದರ್ಥ. ಇಬ್ಬರ ನಡುವೆ ಬೇರೆ ಮಾತೇ ಬೇಕಿರಲಿಲ್ಲ.

ಆಯುಧ ಪೂಜೆಯ ಹಿಂದಿನ ದಿನ ಅಮ್ಮ ಕುಡುಗೋಲು, ಮಚ್ಚು, ಈಳಿಗೆಮಣೆ ತೊಳೆದರು. ಶೆಡ್ಡು ನನ್ನ ಪಾಲಿಗೆ ಬಂತು. ಸೀಮೆಎಣ್ಣೆ ಬಟ್ಟೆಯಿಂದ ಚಾಸಿಯನ್ನು ಮೂಲೆಮೂಲೆಯೂ ಬಿಡದೆ ಒರೆಸಿದೆ. ಮರುದಿನ ಅದಕ್ಕೆ ವಿಭೂತಿ, ಕುಂಕುಮ. ಹಬ್ಬ ಕಳೆದ ಮೇಲೆ ಅಣ್ಣ ಕಪ್ಪು ಪೇಂಟ್ ಬಳಿದು, ಒಂದೊಂದೇ ಭಾಗ ಜೋಡಿಸುತ್ತಾ ಹೋದ.

ಒಂದು ಭಾನುವಾರ ಬೈಕು ಸ್ಟಾರ್ಟ್ ಆಯಿತು. ಕುಣಿಗಲ್‌ನ ಸ್ನೇಹಿತನಿಗೆ ತೋರಿಸಿ ಬರುತ್ತೇನೆ, ಸಿ.ಎಸ್. ಪುರದ ಮೇಲೆ ಹೋಗುತ್ತೇನೆ ಎಂದು ಹೇಳಿ ಹೊರಟ. ಅವನು ಹೋಗಿ ಕಾಲು ಗಂಟೆಯೂ ಆಗಿರಲಿಲ್ಲ, ಭಾಯಿಯ ಸ್ಕೂಟರ್ ಬಂದು ನಿಂತಿತು. ಕೈಯಲ್ಲಿ ವೆಲ್ಡಿಂಗ್ ರಾಡಿನ ಕಟ್ಟು.

"ಹಬ್ಬದಲ್ಲಿ ಗೇಟ್ ಕೆಲಸ ಜಾಸ್ತಿ ಆಗೋಯ್ತಮ್ಮ. ಹ್ಯಾಂಡಲ್ ಕೆಳಗೆ ಎರಡು ಜಾಯಿಂಟ್ ಬಾಕಿ ಇದೆಯಲ್ಲ, ಮುಗಿಸಿಬಿಡ್ತೀನಿ. ಗಾಡಿ ಎಲ್ಲಿ?"

ಬಗ್ಗಿ ನೋಡಿದರೆ ಮಾತ್ರ ಕಾಣುವ ಜಾಗ ಅದು. ಬಳೆ ಇದೆಯೇ ಎಂದು ನೋಡದೆಯೇ ನನ್ನ ಬಟ್ಟೆ ಅಲ್ಲಿಗೂ ಹೋಗಿತ್ತು.

"ಅಣ್ಣ ಓಡಿಸ್ಕೊಂಡು ಹೋದ ಭಾಯ್. ಕುಣಿಗಲ್‌ಗೆ."

ಅವರು ರಾಡು ಕೆಳಗಿಟ್ಟರು. "ಹಿಂದೆ ಹತ್ತು" ಎಂದರು, ಅಷ್ಟೇ.

ಅಮ್ಮನಿಗೂ ಹೇಳದೆ ಹಿಂದೆ ಕುಳಿತೆ. ದಾರಿಯುದ್ದಕ್ಕೂ ಗುಂಡಿಗಳನ್ನು ನೋಡುತ್ತಿದ್ದೆ. ಒಂದೊಂದು ಗುಂಡಿಗೂ ಆ ಎರಡು ಚುಕ್ಕೆಗಳ ಮೇಲೆ ಬೀಳುವ ಭಾರ ನನಗೆ ಗೊತ್ತಿತ್ತು. ನಕ್ಷೆ ಬರೆಯುವಾಗ ನಾನೇ ಲೆಕ್ಕ ಹಾಕಿದ್ದೆ. ದೂರದಲ್ಲಿ ನಾಲ್ಕು ಜನ ಗುಂಪಾಗಿ ನಿಂತಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಒಮ್ಮೆ ಅದು ಬಸ್ಸಿಗೆ ಕಾಯುವವರ ಗುಂಪು, ಇನ್ನೊಮ್ಮೆ ಮೇಕೆ ವ್ಯಾಪಾರ.

ಸಿ.ಎಸ್. ಪುರದ ಟೀ ಅಂಗಡಿಯ ಮುಂದಿನ ಗುಂಪಿನ ನಡುವೆ ಅಣ್ಣ ಬೈಕಿನ ಮೇಲೆ ಕುಳಿತು ಟೀ ಕುಡಿಯುತ್ತಿದ್ದ.

"ಏನ್ ಭಾಯ್, ಗಾಡಿ ನೋಡಕ್ಕೆ ಇಲ್ಲೀಗಂಟ ಓಡಿ ಬಂದ್ರಾ?"

"ಮೊದ್ಲು ಇಳಿಯೋ. ಆಮೇಲೆ ಹೀರೋ ಆಗೋವಂತೆ."

ಭಾಯಿ ಮಂಡಿಯೂರಿ, ಸ್ಕೂಟರಿನ ಕೀಲಿಯಿಂದ ಹ್ಯಾಂಡಲ್ ಕೆಳಗಿನ ಪೇಂಟ್ ಕೆರೆದರು. ಎರಡು ಚುಕ್ಕೆಗಳಲ್ಲಿ ಒಂದು ಆಗಲೇ ಬಿಟ್ಟುಕೊಂಡಿತ್ತು. ಕೂದಲೆಳೆಯಷ್ಟು ಬಿರುಕು.

"ಗುರುತು ನೀವೇ ಒರೆಸಿದ್ರಲ್ಲ ಭಾಯ್?"

"ನಾನು ನಿಮ್ಮನೆ ಕಡೆ ಬಂದೇ ತಿಂಗಳಾಯ್ತು ಕಣೋ."

ಇಬ್ಬರೂ ಕೆರೆದ ಜಾಗವನ್ನೇ ನೋಡಿದರು. ನಾನು ಹೇಳದೆಯೂ ಇರಬಹುದಿತ್ತು.

"ನಾನು ಒರೆಸ್ದೆ" ಎಂದೆ. "ಆಯುಧ ಪೂಜೆಗೆ."

ಅಣ್ಣ ನನ್ನನ್ನೇ ನೋಡಿದ. ಟೀ ಲೋಟ ಕೆಳಗಿಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೈಕನ್ನು ಒಂದು ಟೆಂಪೋಗೆ ಹತ್ತಿಸಿದೆವು. ಭಾಯಿ ಸ್ಕೂಟರಿನಲ್ಲಿ ಹಿಂದೆ ಬಂದರು. ನಾನು, ಅಣ್ಣ ಟೆಂಪೋದಲ್ಲಿ ಬೈಕಿನ ಎರಡೂ ಬದಿಗೆ ಕುಳಿತೆವು. ಊರು ಹತ್ತಿರವಾದಾಗ ಅವನು "ಅಮ್ಮಂಗೆ ಹೇಳ್ಬೇಡ ಕಣೇ" ಎಂದ. ನಾನು ತಲೆಯಾಡಿಸಿದೆ. ನನ್ನ ಅಂಗೈ ಆ ಜಾಯಿಂಟನ್ನು ಬಿಗಿಯಾಗಿ ಸುತ್ತಿ ಹಿಡಿದಿತ್ತು. ಬೈಕಿನ ಮೇಲೆ ಯಾರೂ ಕುಳಿತಿರಲಿಲ್ಲ. ಆದರೂ ಟೆಂಪೋ ಗುಂಡಿಗೆ ಇಳಿದಾಗಲೆಲ್ಲ ಇನ್ನಷ್ಟು ಬಿಗಿಹಿಡಿಯುತ್ತಿದ್ದೆ.