ಎಡಗೈ ಅಳತೆ

ಆ ಮಂಗಳವಾರ ಬೆಳಿಗ್ಗೆ ಅಣ್ಣ ರೊಟ್ಟಿ ಮುರಿಯುತ್ತಾ, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದ. ನಾನು ನೀರು ಬೆರೆಸಿ, ಕುದಿಸಿ, ಮತ್ತೆ ಬಡಿಸಿದೆ. ಬಾಯಿಗಿಟ್ಟು, ಈಗ ಉಪ್ಪೇ ಇಲ್ಲವಲ್ಲ ಎಂದು ನಕ್ಕ. ಗೋಡೆಗೊರಗಿ ಕೂತಿದ್ದ ಅಪ್ಪ, "ಮೇಷ್ಟ್ರಿಗೆ ಬಡಿಸೋದು ಕಷ್ಟ ಐತೆ ಬಿಡವ್ವ" ಎಂದರು. ನಮ್ಮ ಮನೆಯಲ್ಲಿ ಯಾವ ಭಯವೂ ಇಲ್ಲದೆ ಆಡಿದ ಕಡೆಯ ಮಾತುಗಳಲ್ಲಿ ಇವೂ ಸೇರಿವೆ. ಅದಕ್ಕೇ ಬರೆದಿಟ್ಟಿದ್ದೇನೆ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ಅದು. ಅಣ್ಣ ಸಂತೇಬೆನ್ನೂರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಅವ್ವ ನಾವು ಚಿಕ್ಕವರಿದ್ದಾಗಲೇ ತೀರಿಹೋಗಿದ್ದಳು. ಅಪ್ಪ ಜಗಳೂರು ಸೀಮೆಯ ಬಿಳಿಚೋಡಿನಲ್ಲಿ ಕಂಬಳಿ ನೇಯುತ್ತಿದ್ದರು. ಅಣ್ಣನಿಗೆ ಅಡುಗೆ ಮಾಡಿಹಾಕಲು ನಾನು ಅವನ ಜೊತೆ ಇದ್ದೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆಮೇಲೆ ಓದು ಬರಹ ಎಂದು ಬಂದದ್ದೆಲ್ಲ ಅವನು ಒಲೆಯ ಮುಂದೆ ಕೂತು ಕಲಿಸಿದ್ದು.

ವೈಶಾಖಕ್ಕೆ ಅವನ ಮದುವೆ ಗೊತ್ತಾಗಿತ್ತು. ಹೆಣ್ಣು ನ್ಯಾಮತಿಯ ವ್ಯಾಪಾರಸ್ಥರ ಮನೆಯದು. ಅಳಿಯ ಸೂಟು ಹಾಕಿಕೊಂಡು ಹಂದರಕ್ಕೆ ಬರಬೇಕೆಂಬುದು ಅವರ ಆಸೆ. ಚನ್ನಗಿರಿಯ ಜವಳಿ ಅಂಗಡಿಗೆ ಹೇಳಿದ್ದೇವೆ, ಯಾವ ಬಟ್ಟೆ ಬೇಕೋ ನೀವೇ ನೋಡಿ ತೆಗೆದುಕೊಳ್ಳಿ ಎಂದು ಹೇಳಿಕಳಿಸಿದ್ದರು. ಅದಕ್ಕೇ ಅಪ್ಪ ಹಿಂದಿನ ದಿನ ಬಿಳಿಚೋಡಿನಿಂದ ಬಂದಿದ್ದರು. ಮೂವರೂ ಮೋಟಾರು ಬಸ್ಸು ಹತ್ತಿ ಚನ್ನಗಿರಿಗೆ ಹೋದೆವು.

ಅಣ್ಣನ ಕೈಯ ವಿಷಯ ಇಲ್ಲಿ ಹೇಳಬೇಕು. ಒಂಬತ್ತು ವರ್ಷದವನಿದ್ದಾಗ ಗಾಡಿಯಿಂದ ಬಿದ್ದು ಎಡಗೈ ಮುರಿದಿತ್ತು. ಪಟ್ಟು ಹಾಕಿ ಕಟ್ಟಿದರು. ಮೂಳೆ ಕೂಡಿಕೊಂಡಿತು, ಆದರೆ ಸ್ವಲ್ಪ ಬಾಗಿ ಕೂಡಿಕೊಂಡಿತು. ಆ ಕೈ ಬಲಗೈಯಷ್ಟು ಉದ್ದ ಬೆಳೆಯಲಿಲ್ಲ. ಅವನು ಯಾವಾಗಲೂ ಎಡ ಹೆಗಲ ಮೇಲೆ ಶಲ್ಯ ಇಳಿಬಿಟ್ಟುಕೊಂಡಿರುತ್ತಿದ್ದ. ಅಂಗಿಯ ತೋಳುಗಳನ್ನು ಮೊಣಕೈವರೆಗೆ ಮಡಚಿರುತ್ತಿದ್ದ. ಶಾಲೆಯಲ್ಲಿ ಪುಸ್ತಕವನ್ನು ಎಡಗೈಯಿಂದ ಎದೆಗೆ ಒತ್ತಿಕೊಂಡು ಪಾಠ ಹೇಳುತ್ತಿದ್ದನಂತೆ. ನೋಡಿದವರಿಗೆ ಅದೊಂದು ಠೀವಿ ಎನಿಸುತ್ತಿತ್ತು. ನ್ಯಾಮತಿಯವರಿಗೆ ಕೈಯ ಸಂಗತಿ ಹೇಳಿಯೇ ಮದುವೆ ಗೊತ್ತು ಮಾಡಿದ್ದೆವು. ಆದರೆ ಸೂಟಿನ ಮೇಲೆ ಶಲ್ಯ ಹೊದೆಯಲು ಬರುವುದಿಲ್ಲ. ಅಷ್ಟು ಜನ ಕೂತ ಹಂದರದಲ್ಲಿ ಎಲ್ಲರ ಕಣ್ಣೂ ತನ್ನ ಎಡದ ತೋಳಿಗೇ ಬೀಳುತ್ತದೆ ಎಂಬ ಅಳುಕು ಅವನಿಗಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ. ನನಗೆ ಗೊತ್ತಿತ್ತು.

ಅಂಗಡಿಯವರು ಮೊದಲು ನೀಲಿ ಸರ್ಜಿನ ಥಾನು ಬಿಚ್ಚಿದರು. ನುಣುಪಾದ ಬಟ್ಟೆ. ಬೆಳಕು ಬಿದ್ದ ಕಡೆ ಮಿಂಚುತ್ತಿತ್ತು. ಅಣ್ಣ ಅದರ ಒಂದು ಮೂಲೆಯನ್ನು ಎಡಗೈ ಮೇಲೆ ಹಾಕಿಕೊಂಡು ಸುಮ್ಮನೆ ನೋಡಿದ. ಕೈ ಎಲ್ಲಿ ಬಾಗಿದೆಯೋ ಅಲ್ಲಿ ಬಟ್ಟೆಯೂ ಬಾಗಿ, ಆ ಜಾಗದಲ್ಲೇ ಒಂದು ಹೊಳಪಿನ ಗೆರೆ ಎದ್ದಿತು. ಅವನು ಮೆಲ್ಲಗೆ ಅದನ್ನು ತೆಗೆದಿಟ್ಟ.

"ಇದು ಬ್ಯಾಡ ಅಂದ್ರೆ ಬೂದು ಬಣ್ಣದ್ದು ಐತೆ ಮೇಷ್ಟ್ರೇ, ಇದೇ ನಮೂನೆ" ಎಂದರು ಅಂಗಡಿಯವರು.

"ಒಳಗೆ ಅದೇನ್ರೀ, ಕೆಳಗಿನ ಸಾಲಿನಾಗೆ?" ಎಂದು ನಾನೇ ಕೇಳಿದೆ.

"ಅದು ಟ್ವೀಡು ಕಣವ್ವ. ಒರಟು ಬಟ್ಟೆ. ಚಳಿ ದೇಶದೋರು ಹಾಕ್ಕೊಳ್ಳೋದು. ವೈಶಾಖದಾಗೆ ಅದನ್ನ ಹಾಕಿ ನಿಮ್ಮಣ್ಣನ್ನ ಹಂದರದಾಗೆ ಬೇಯಿಸ್ತೀಯೇನು?"

ಆದರೂ ತೆಗೆಸಿದೆ. ದೂರದಿಂದ ಹುರಿದ ರಾಗಿ ಹಿಟ್ಟಿನ ಬಣ್ಣ. ಹತ್ತಿರ ಹೋದರೆ ಕಂದು, ಬೂದು, ಅಲ್ಲೊಂದು ಇಲ್ಲೊಂದು ಹಸಿರು ಎಳೆ. ಮುಟ್ಟಿದರೆ ಸಣ್ಣ ಸಣ್ಣ ಗಂಟುಗಳು ಬೆರಳಿಗೆ ಸಿಗುತ್ತಿದ್ದವು. ಅಣ್ಣನ ಎಡಗೈ ಮೇಲೆ ಹಾಕಿದೆ. ಹೊಳಪಿಲ್ಲ, ಗೆರೆಯಿಲ್ಲ. ಕೈ ಬಾಗಿದ ಜಾಗ ಆ ಗಂಟುಗಳ ನಡುವೆ ಎಲ್ಲೋ ಮರೆಯಾಯಿತು. ಅಣ್ಣ ನನ್ನ ಮುಖ ನೋಡಿದ.

ಅಪ್ಪ ಆ ತನಕ ಹಿಂದೆ ನಿಂತಿದ್ದರು. ಈಗ ಥಾನಿನ ಹತ್ತಿರ ಸರಿದು, ಒಂದು ಎಳೆ ಕಿತ್ತು ಹಲ್ಲಲ್ಲಿ ಕಚ್ಚಿ, ಮೂಸಿ ನೋಡಿದರು. ಆಮೇಲೆ ಬಟ್ಟೆಯ ತುದಿಯನ್ನು ಬೊಗಸೆಯಂತೆ ಗುಳಿ ಮಾಡಿ ಹಿಡಿದು, ಕುಡಿಯಲು ಇಟ್ಟಿದ್ದ ಚೊಂಬಿನ ನೀರನ್ನು ಅದರೊಳಕ್ಕೆ ಸುರಿದೇಬಿಟ್ಟರು. ನಮ್ಮ ಕಡೆ ಕಂಬಳಿ ಕೊಳ್ಳುವವರು ಹಾಗೇ ನೋಡುವುದು. ನೀರು ನಿಂತರೆ ನೇಯ್ಗೆ ಬಿಗಿ ಇದೆ ಎಂದರ್ಥ.

"ಯಜಮಾನ್ರೇ, ಏನ್ ಮಾಡ್ತಿದ್ದೀರಿ? ಅದು ವಿಲಾಯಿತಿ ಸೀಮೆಯಿಂದ ಬಂದ ಮಾಲು" ಎಂದು ಅಂಗಡಿಯವರು ಎದ್ದು ನಿಂತರು.

"ಯಾವ ಸೀಮೆದಾದ್ರೇನು, ಕುರಿ ಕುರಿನೇ" ಎಂದರು ಅಪ್ಪ, ನೀರಿನಿಂದ ಕಣ್ಣು ತೆಗೆಯದೆ. "ಸೋರಲಿಲ್ಲ ನೋಡ್ರಿ. ಇದನ್ನೇ ಕೊಡ್ರಿ."

ಅಣ್ಣ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಅಪ್ಪಾ, ನಾನು ಸೂಟು ಹಾಕ್ಕೊಂಡು ಕುರಿ ಕಾಯಾಕೆ ಹೋಗ್ತೀನೇನು?" ಎಂದ. ಅಂಗಡಿಯವರಿಗೂ ನಗು ಬಂದು, ಒದ್ದೆಯಾದ ತುದಿಯನ್ನೂ ಸೇರಿಸಿಯೇ ಕತ್ತರಿಸಿ ಕೊಟ್ಟರು.

ಅಲ್ಲಿಂದ ಟೈಲರ್ ಸಾಬರ ಅಂಗಡಿ. ವಯಸ್ಸಾದವರು, ಮೆತ್ತಗೆ ಮಾತಾಡುವವರು. ಅವರು ಟೇಪು ಹಿಡಿದು ಎದೆ, ಸೊಂಟ, ಬೆನ್ನು, ಬಲಗೈ ಅಳೆದು ಪುಸ್ತಕದಲ್ಲಿ ಬರೆದುಕೊಂಡರು. ಅವರು ಅಳೆಯುವುದು ಒಂದೇ ಕೈ. ಎರಡು ತೋಳನ್ನೂ ಅದರ ಮೇಲೇ ಕತ್ತರಿಸುತ್ತಾರೆ. ಟೇಪು ಸುತ್ತಿ ಇಡುವಾಗ ನಾನು ಹತ್ತಿರ ಹೋಗಿ, "ಸಾಬ್ರೇ, ಎಡಗೈ ಬೇರೆ ಅಳೀಬೇಕು. ಸ್ವಲ್ಪ ಗಿಡ್ಡ ಐತೆ" ಎಂದೆ.

ಅವರು ಮತ್ತೆ ಟೇಪು ಬಿಚ್ಚಿದರು. "ಶಲ್ಯ ಸ್ವಲ್ಪ ತೆಗೀರಿ ಮೇಷ್ಟ್ರೇ" ಎಂದರು. ಅದೇ ಹೊತ್ತಿಗೆ ಯಾರೋ ನಾಲ್ಕು ಜನ ಮಾತಾಡುತ್ತಾ ಅಂಗಡಿಗೆ ಬಂದರು. ಅಣ್ಣನ ಕೈ ಶಲ್ಯದ ಮೇಲೆಯೇ ನಿಂತಿತು. ಅವನು ನನ್ನ ಕಡೆ ತಿರುಗಿ ನೋಡಿದ. ನೋಡಿದವಳೇ ನಾನು, "ಮೋಟಾರಿಗೆ ಹೊತ್ತಾತು. ಟ್ರಯಲ್‌ಗೆ ಬಂದಾಗ ಅಳೀರಿ" ಎಂದುಬಿಟ್ಟೆ.

"ಹಂಗೇ ಆಗ್ಲಿ ತಾಯಿ. ಟ್ರಯಲ್‌ಗೆ ನಾನು ಒಂದೇ ತೋಳು ಕೂಡ್ಸೋದು. ಎಡದ್ದು ಕತ್ತರಿಸದೆ ಇಟ್ಟಿರ್ತೀನಿ. ಮುಂದಿನ ಮಂಗಳವಾರ ಬರ್ರಿ" ಎಂದರು ಸಾಬರು.

ಮೋಟಾರಿಗೆ ಇನ್ನೂ ಹೊತ್ತಿತ್ತು. ನಾವು ರಸ್ತೆ ಬದಿಯಲ್ಲಿ ತುಂಬಾ ಹೊತ್ತು ಕಾದೆವು.

ಬುಧವಾರ ಅಪ್ಪ ಬಿಳಿಚೋಡಿಗೆ ಹೊರಟರು. ಅಣ್ಣ ಶಾಲೆಗೆ ಹೋಗಿ ಬಂದ. ಗುರುವಾರ ಬೆಳಿಗ್ಗೆ ಅವನಿಗೆ ವಾಂತಿಭೇದಿ ಶುರುವಾಯಿತು. ಹಿಂದಿನ ವಾರದಿಂದ ಊರಿನಲ್ಲಿ ಒಂದೆರಡು ಮನೆಯಲ್ಲಿ ಆ ಬೇನೆ ಇದೆ ಎಂದು ಕೇಳಿದ್ದೆವು. ಕೇಳಿದ್ದೆವು, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಅವನ ದನಿ ಹೋಯಿತು. ಕಣ್ಣು ಒಳಕ್ಕೆ ಇಳಿದವು. ನೀರು ಕೊಟ್ಟರೆ ಕುಡಿದ, ಕುಡಿದದ್ದು ನಿಲ್ಲಲಿಲ್ಲ. ಶಾಲೆ ಬಿಡುವ ಗಂಟೆ ಕೇಳಿಸಿದಾಗ ನಾನು ಅವನ ತಲೆ ಹಿಡಿದು ಕೂತಿದ್ದೆ. ಗಂಟೆ ನಿಂತ ಮೇಲೆ ನೋಡಿದರೆ ಅವನು ಇರಲಿಲ್ಲ.

ಇದನ್ನು ಎಷ್ಟು ಸಲ ಬರೆದರೂ ನನಗೆ ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ಸಂಬಂಧ ಕಾಣುವುದಿಲ್ಲ. ಬೆಳಿಗ್ಗೆ ಎದ್ದು ಬೇವಿನ ಕಡ್ಡಿ ಕಚ್ಚಿದವನು ಸಂಜೆಗೆ ಇಲ್ಲ ಎಂದರೆ, ನಡುವೆ ಏನೋ ಒಂದು ಬಿಟ್ಟುಹೋಗಿದೆ, ಯಾರೋ ಹೇಳಲು ಮರೆತಿದ್ದಾರೆ ಎನಿಸುತ್ತದೆ. ನಾನು ಅಳಲಿಲ್ಲ. ನೆರೆಮನೆಯವರು ಅಳಿಸಲು ನೋಡಿದರು. ನನಗೆ ಒಲೆಯ ಮೇಲೆ ಇಟ್ಟಿದ್ದ ಗಂಜಿ ಸೀದೀತು ಎಂಬ ಚಿಂತೆಯಾಗಿತ್ತು.

ಬೇನೆ ಹರಡುತ್ತದೆಂದು ಆ ಸಂಜೆಯೇ ಮಣ್ಣು ಮಾಡಿದರು. ಅಪ್ಪ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾರನೇ ದಿನ ತಾಲ್ಲೂಕಿನಿಂದ ಬಂದವರು ಅವನ ಹಾಸಿಗೆ, ಅಂಗಿ, ಪಂಚೆ, ಶಲ್ಯ ಎಲ್ಲವನ್ನೂ ಹಿತ್ತಿಲಲ್ಲಿ ರಾಶಿ ಹಾಕಿ ಸುಟ್ಟರು. ಸುಡಬೇಕಾದದ್ದೇ. ನಾನೇ ಗಳದ ಮೇಲಿನ ಅಂಗಿಗಳನ್ನು ಎಳೆದು ತಂದು ಕೊಟ್ಟೆ. ಒಂದನ್ನೂ ಉಳಿಸಲಿಲ್ಲ.

ಮುಂದಿನ ಮಂಗಳವಾರ ಬೆಳಿಗ್ಗೆ ನಾನು ಬೇಗ ಎದ್ದು ಒಲೆ ಹಚ್ಚಿ, ಎರಡು ರೊಟ್ಟಿ ತಟ್ಟಿ, ಬುತ್ತಿ ಕಟ್ಟಿದೆ. ಅಪ್ಪ ಬಾಗಿಲಲ್ಲಿ ನಿಂತು, "ಯಾರಿಗವ್ವ?" ಎಂದು ಕೇಳಿದಾಗಲೇ ನಾನು ಏನು ಮಾಡುತ್ತಿದ್ದೇನೆಂದು ನನಗೆ ತಿಳಿದದ್ದು. ಆ ದಿನ ಟ್ರಯಲ್‌ಗೆ ಹೋಗಬೇಕಿತ್ತು.

ಅಪ್ಪ ನನ್ನನ್ನು ಬಿಳಿಚೋಡಿಗೆ ಕರೆದುಕೊಂಡು ಹೋದರು. ಸೂಟಿನ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ನ್ಯಾಮತಿಯವರು ಬಂದು, ಅತ್ತು, ಆ ಸೂಟು ನಿಮ್ಮ ಹುಡುಗನದ್ದೇ, ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಹೋದರು. ಮಳೆಗಾಲ ಕಳೆದು ಹಿರಿಯರ ಹಬ್ಬ ಹತ್ತಿರ ಬಂತು. ಆ ದಿನ ನಮ್ಮಲ್ಲಿ ಹೋದವರಿಗೆ ಎಡೆ ಇಟ್ಟು, ಪಕ್ಕದಲ್ಲಿ ಹೊಸ ಬಟ್ಟೆ ಇಡುತ್ತೇವೆ. ಆಗ ಅಪ್ಪ, "ಅವನ ಬಟ್ಟೆ ಅಂತ ಇರೋದು ಅದೊಂದೇ. ಪೂರ್ತಿ ಮಾಡ್ಸಿ ಎಡೆಗೆ ಇಡೋಣ" ಎಂದರು.

ಮತ್ತೆ ಚನ್ನಗಿರಿಗೆ ಹೋದೆವು. ಸಾಬರಿಗೆ ಸುದ್ದಿ ಗೊತ್ತಿತ್ತು. ಒಳಗಿನಿಂದ ಕೋಟು ತಂದು ಗೂಟಕ್ಕೆ ನೇತುಹಾಕಿದರು. ಬಿಳಿ ದಾರದ ಕಚ್ಚಾ ಹೊಲಿಗೆ ಇನ್ನೂ ಹಾಗೇ ಇತ್ತು. ಬಲಗಡೆ ತೋಳು ಇತ್ತು. ಎಡಗಡೆ ಕಂಕುಳ ಜಾಗದಲ್ಲಿ ತೂತು. ಆ ತೂತಿನಿಂದ ಹಿಂದಿನ ಗೋಡೆ ಕಾಣುತ್ತಿತ್ತು.

"ಎಡಗೈ ಎಷ್ಟು ಗಿಡ್ಡ ಇತ್ತು ತಾಯಿ?" ಎಂದು ಸಾಬರು ಕೇಳಿದರು.

"ಎರಡು ಬೆರಳು" ಎಂದೆ.

"ನಾಲ್ಕು" ಎಂದರು ಅಪ್ಪ.

"ಇಲ್ಲಪ್ಪ, ಅಷ್ಟಿರಲಿಲ್ಲ."

"ಪಟ್ಟು ಬಿಚ್ಚಿದ ದಿನ ನಾನೇ ಬೆರಳಿಟ್ಟು ನೋಡೀನಿ. ನಾಲ್ಕು."

"ಅವಾಗ ಅವನು ಸಣ್ಣೋನು. ದಿನಾ ಅನ್ನ ಹಾಕಿದೋಳು ನಾನು."

"ಅನ್ನ ಹಾಕಿದ್ರೆ ಕೈ ಅಳದಂಗಾತೇನು?"

ಅಪ್ಪ ಸಿಟ್ಟಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ನನ್ನನ್ನು ನಿಂತಲ್ಲೇ ನಿಲ್ಲಿಸಿತು. ಕಣ್ಣು ಮುಚ್ಚಿ ಅಣ್ಣನ ಎಡಗೈ ನೆನಪು ಮಾಡಿಕೊಳ್ಳಲು ನೋಡಿದೆ. ಶಲ್ಯ ಕಂಡಿತು. ಮಡಚಿದ ತೋಳು ಕಂಡಿತು. ಎದೆಗೆ ಒತ್ತಿದ ಪುಸ್ತಕ ಕಂಡಿತು. ಕೈ ಕಾಣಲಿಲ್ಲ. ಅವನು ನಮಗೆ ಕಾಣದಂತೆ ಇಟ್ಟುಕೊಂಡಿದ್ದ, ನಾವು ನೋಡದಂತೆ ಇದ್ದೆವು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದವಳಿಗೆ ಎರಡೋ ನಾಲ್ಕೋ ಗೊತ್ತಿಲ್ಲ. ಎರಡು ಎಂದು ನಾನು ಹೇಳಿದ್ದು ಕೂಡ ಅವನಿಗೆ ಕಡಿಮೆಯೇ ಇರಲಿ ಎಂಬ ಆಸೆಗೆ.

"ಹಳೇ ಅಂಗಿ ಒಂದಿದ್ರೆ ತರ್ರಿ. ತೋಳು ನೋಡಿ ಹೇಳ್ತೀನಿ" ಎಂದರು ಸಾಬರು.

"ಎಲ್ಲಾ ಸುಟ್ರು" ಎಂದೆ.

ಅಪ್ಪ, "ಮೂರು ಅಂತ ಹೊಲೀರಿ ಸಾಬ್ರೇ" ಎಂದರು.

ಸಾಬರು ಕತ್ತರಿ ಕೈಗೆತ್ತಿಕೊಂಡರು. ಎಡದ ತೋಳಿಗೆಂದು ಇಟ್ಟಿದ್ದ ತುಂಡನ್ನು ಹಲಗೆಯ ಮೇಲೆ ಹರಡಿದರು. ಅಪ್ಪ ನೀರು ಸುರಿದ ತುದಿ ಅದರಲ್ಲೇ ಬಂದಿತ್ತು, ಸಣ್ಣಗೆ ಸುಕ್ಕುಗಟ್ಟಿತ್ತು. ಸಾಬರು ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ನೋಡಿ, ಕತ್ತರಿ ಕೆಳಗಿಟ್ಟರು.

"ಮೂರಕ್ಕೆ ಹೊಲೀಬಹುದು ಯಜಮಾನ್ರೇ. ಆದ್ರೆ ಅದು ಯಾರ ಕೈನೂ ಆಗಲ್ಲ. ಸಿಟ್ಟಾಗಬ್ಯಾಡ್ರಿ, ನನ್ನಿಂದ ಆಗಲ್ಲ."

ಅಪ್ಪ ತಲೆಯಾಡಿಸಿದರು. ಸಾಬರು ಕೋಟನ್ನೂ ಪ್ಯಾಂಟನ್ನೂ ಮಡಚಿ, ಮೇಲೆ ಆ ತುಂಡನ್ನಿಟ್ಟು, ಬಿಳಿ ಬಟ್ಟೆಯಲ್ಲಿ ಕಟ್ಟಿಕೊಟ್ಟರು.

ಆ ವರ್ಷದ ಹಿರಿಯರ ಹಬ್ಬಕ್ಕೆ ಅದನ್ನು ಹಾಗೇ ಎಡೆಯ ಪಕ್ಕ ಇಟ್ಟೆವು. ಮುಂದಿನ ವರ್ಷವೂ. ಯುದ್ಧ ಮುಗಿದ ವರ್ಷ ಅಪ್ಪನೂ ಹೋದರು. ಈಗ ಎರಡು ಎಡೆ ಇಡುತ್ತೇನೆ. ಅಪ್ಪನದಕ್ಕೆ ಅವರೇ ನೇಯ್ದ ಕಂಬಳಿ, ಅಣ್ಣನದಕ್ಕೆ ಕೋಟು. ಪ್ರತಿ ವರ್ಷ ಬಿಚ್ಚಿ ಬಿಸಿಲಿಗೆ ಹಾಕಿದಾಗ ಒಮ್ಮೆ ಬೆರಳಿಟ್ಟು ನೋಡುತ್ತೇನೆ. ಬಟ್ಟೆಗೆ ಹುಳು ಬಿದ್ದಿಲ್ಲ. ಗಂಟುಗಳು ಬೆರಳಿಗೆ ಹಾಗೇ ಸಿಗುತ್ತವೆ. ಬಿಳಿ ದಾರ ಬಿಟ್ಟಿಲ್ಲ. ಬಲದ ತೋಳು ಇದೆ, ಎಡದ ತೋಳಿಗೆ ಬೇಕಾದಷ್ಟು ಬಟ್ಟೆ ಇದೆ. ಅಳತೆ ಇಲ್ಲ.