ಹುಲಿಗೆಮ್ಮನ ಎಡೆ

ಎಂಬತ್ತೆರಡನೇ ಇಸವಿಯಲ್ಲಿ ಕತ್ತಲಗೆರೆಯ ಉಡಚಮ್ಮನಿಗೆ ಮಾತೆತ್ತಿದರೆ ಸಿಟ್ಟು. ಸಿಟ್ಟು ಬಾರದೆ ಇನ್ನೇನು ಬಂದೀತು? ಹದಿನೇಳರ ಮಗಳು ಅಂಜಮ್ಮ ಸೋಮವಾರದ ಒಪ್ಪತ್ತಿನಿಂದ ಶುರು ಮಾಡಿ, ಆಮೇಲೆ ಶನಿವಾರ, ಆಮೇಲೆ ಅಮಾವಾಸ್ಯೆ ಎಂದು ಸೇರಿಸುತ್ತ ಹೋಗಿ, ಈಗ ದಿನವೂ ಊಟ ಬಿಡುತ್ತಿದ್ದಳು. ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಊರ ಹೆಂಗಸರೋ, "ಎಂಥಾ ಭಕ್ತಿ ನಿನ್ನ ಮಗಳದು!" ಎಂದು ಕೊಂಡಾಡುವವರೇ. ಆ ಹೊಗಳಿಕೆ ಕೇಳಿದರೆ ಉಡಚಮ್ಮನಿಗೆ ಮೈ ಉರಿಯುತ್ತಿತ್ತು.

ಬಸ್ಸು ಹತ್ತಿಸಿ ಚನ್ನಗಿರಿಗೆ ಕರೆದೊಯ್ದಳು. ಡಾಕ್ಟರು ಮಗಳ ಕಣ್ಣಿನ ರೆಪ್ಪೆ ಎಳೆದು ನೋಡಿ ಟಾನಿಕ್ ಬರೆದರು.

"ಬೇಕಂತಲೇ ಊಟ ಬಿಡೋ ಕಾಯಿಲೆ ಫಾರಿನ್ನಿನಲ್ಲಿ ಈಚೆಗೆ ಜಾಸ್ತಿಯಾಗಿದೆಯಂತಮ್ಮ. ನಮ್ಮ ಹಳ್ಳಿಗೆ ಎಲ್ಲಿಂದ ಬರಬೇಕು? ವಯಸ್ಸಿನ ಹಟ, ಸರಿಹೋಗುತ್ತೆ."

"ಹಟಕ್ಕೆ ಹಿಂಗೆ ಮೂಳೆ ಕಾಣ್ತಾವೇನ್ರಿ?" ಎಂದಳು ಉಡಚಮ್ಮ. ಅವರು ಆಗಲೇ ಮುಂದಿನವರನ್ನು ಕರೆದಾಗಿತ್ತು.

ಹಿರಿಯರ ಹಬ್ಬ ಬಂತು. ತೀರಿಹೋದವರಿಗೆ ಅವರಿಗಿಷ್ಟವಾದುದನ್ನೇ ಮಾಡಿ ಎಡೆ ಇಡಬೇಕು. ಮಾವನಿಗೆ ವಡೆಯಾಯಿತು. ಉಡಚಮ್ಮ ಈ ಮನೆಗೆ ಕಾಲಿಡುವ ಮೊದಲೇ, ಮದುವೆಯಿಲ್ಲದೆ ಸತ್ತಿದ್ದ ನಾದಿನಿ ಹುಲಿಗೆಮ್ಮನಿಗೆ ಮಾತ್ರ ಪ್ರತಿವರ್ಷ ಬರೀ ಹಾಲು, ಬಾಳೆಹಣ್ಣು.

"ಅತ್ತೆ, ಆಕಿಗೆ ಏನು ಇಷ್ಟ ಇತ್ತು ಹೇಳ್ರಿ, ಅದನ್ನೇ ಮಾಡ್ತೀನಿ."

ಅತ್ತೆ ಅಜ್ಜಮ್ಮ ತಡವರಿಸಿದಳು. "ಏನಂತ ಹೇಳ್ಲವ್ವಾ? ಉಂಡಿದ್ರೆ ತಾನೆ ಗೊತ್ತಾಗಾದು? ಒಪ್ಪತ್ತು, ಒಪ್ಪತ್ತು ಅಂತ ತಟ್ಟೆಯಾಗೆ ಕಲಸ್ತಾ ಕೂತು, ಯಾರೂ ನೋಡದಾಗ ನಾಯಿಗೆ ಹಾಕಾಳು. ಊರೆಲ್ಲ ದೇವರಂಥಾಕಿ ಅಂತಿದ್ರು. ತ್ಯಾವಣಿಗೇಲಿ ನಮ್ಮಕ್ಕನ ಮಗಳೂ ಹಂಗೇ ಹೋದ್ಲು."

ಹೂರಣ ರುಬ್ಬುತ್ತಿದ್ದ ಉಡಚಮ್ಮನ ಕೈ ನಿಂತಿತು. ನಿನ್ನೆ ತಾನೇ ಅಂಜಮ್ಮನ ರೊಟ್ಟಿಯನ್ನು ನಾಯಿಯ ಬಾಯಲ್ಲಿ ಕಂಡಿದ್ದಳು. ಈಚೆಗಂತೆ, ಫಾರಿನ್ನಂತೆ! ಇದೇ ಮನೆಯಲ್ಲಿ ಒಬ್ಬಳು ಉಣ್ಣದೆ ಸತ್ತಿದ್ದಳು. ಇವರು ಅದಕ್ಕೆ ಭಕ್ತಿ ಎಂದು ಹೆಸರಿಟ್ಟು, ವರ್ಷವರ್ಷ ಕೈಮುಗಿದು ಸುಮ್ಮನಾಗಿದ್ದರು.

ಅಡುಗೆಯೆಲ್ಲ ಮುಗಿದ ಮೇಲೆ ಹುಲಿಗೆಮ್ಮನಿಗೆಂದು ಹಾಸಿದ್ದ ಎಲೆಗೆ ಅನ್ನ, ಹೋಳಿಗೆ ಬಡಿಸಿ, ಅದನ್ನೇ ಎತ್ತಿ ತಂದು ಮಗಳ ಮುಂದಿಟ್ಟಳು. ಗಂಡ ಜಯಪ್ಪ ಗಾಬರಿಬಿದ್ದ.

"ಏನು ಮಾಡ್ತಿದೀಯೇ? ಅದು ಸತ್ತೋರ ಎಡೆ!"

"ಇದ್ದಾಗ ಉಣಿಸಾಕೆ ಆಗಲಿಲ್ಲ ನಿಮಗೆ, ಸತ್ತ ಮೇಲೆ ಬಡಿಸ್ತೀರಿ. ಮುಂದಿನ ವರ್ಷ ಇನ್ನೊಂದು ಎಡೆ ಇಡಾಕೆ ನನ್ನ ಕೈಲಿ ಆಗಲ್ಲ."

ಅವಳು ಮಗಳ ಎದುರಿಗೇ ಕೂತಳು. ಅಂಜಮ್ಮ ಹೋಳಿಗೆಯ ಚೂರನ್ನು ಬೆರಳಲ್ಲಿ ಹೊರಳಿಸುತ್ತ, ನಾಯಿ ಎಲ್ಲಿ ಎಂದು ಬಾಗಿಲ ಕಡೆ ನೋಡಿದಳು. ನಾಯಿಯನ್ನು ಉಡಚಮ್ಮ ಆಗಲೇ ಹಿತ್ತಲಲ್ಲಿ ಕಟ್ಟಿ ಬಂದಿದ್ದಳು.