ಅಟ್ಟದ ಮೇಲಿನ ವೈಫೈ

ದೆವ್ವ, ಭೂತ, ಗಾಳಿ ಸೋಕು ಇವೆಲ್ಲ ಬರೀ ಬುರುಡೆ ಎಂದು ನಾನು ಎಷ್ಟು ಜೋರಾಗಿ ಹೇಳಿಕೊಂಡು ತಿರುಗುತ್ತಿದ್ದೆನೆಂದರೆ, ನಮ್ಮ ಬೀದಿಯಲ್ಲಿ ನಿಜವಾಗಿ ಒಂದು ದೆವ್ವ ಇದ್ದಿದ್ದರೆ ಅವಮಾನ ತಾಳಲಾರದೆ ಅರಸೀಕೆರೆ ರೈಲು ಹತ್ತಿ ಹೋಗಿರುತ್ತಿತ್ತು. ಕಣ್ಣಿಗೆ ಕಾಣದ ವಸ್ತುಗಳಲ್ಲಿ ನಾನು ನಂಬುತ್ತಿದ್ದದ್ದು ವೈಫೈ ಒಂದನ್ನೇ. ಎರಡು ವರ್ಷದ ಹಿಂದೆ ಒಂದು ಸಂಜೆ ನಡೆದದ್ದು ನಿಮಗೂ ನಂಬಿಕೆಯಾಗದಿದ್ದರೆ ನನಗೇನೂ ಬೇಜಾರಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಆಗ ಎಸ್ಸೆಸ್ಸೆಲ್ಸಿ ಮುಗಿದ ರಜೆ. ತಿಪಟೂರಿನಲ್ಲಿ ಪುಕ್ಕಟೆ ವೈಫೈ ಎಲ್ಲೆಲ್ಲಿದೆ ಎಂದು ನನ್ನಷ್ಟು ತಿಳಿದವನು ಇನ್ನೊಬ್ಬನಿರಲಿಲ್ಲ. ಬೇಕರಿ, ಜ್ಯೂಸ್ ಅಂಗಡಿ, ದರ್ಶಿನಿ, ಹೊಸ ಕೆಫೆ ಎಲ್ಲದರ ಪಾಸ್‌ವರ್ಡೂ ನನ್ನ ಫೋನಿನಲ್ಲಿತ್ತು. ಪಾಸ್‌ವರ್ಡ್ ಗೊತ್ತಿಲ್ಲದ ಕಡೆ ಮೊದಲು ಬೋರ್ಡಿನ ಮೇಲಿನ ಫೋನ್ ನಂಬರ್ ಹೊಡೆಯುತ್ತಿದ್ದೆ. ಆಗದಿದ್ದರೆ ಗಲ್ಲಾದಲ್ಲಿ ಕೂತವರ ಮಗುವನ್ನು ಎತ್ತಿಕೊಂಡು ಹೆಸರು ಕೇಳುತ್ತಿದ್ದೆ. ಬಹಳಷ್ಟು ಸಲ ಮಗುವಿನ ಹೆಸರೇ ಪಾಸ್‌ವರ್ಡ್. ಒಂದು ಲೋಟ ಟೀ ಹೇಳಿ, ಅದನ್ನು ಊದುತ್ತ ಊದುತ್ತ ಒಂದು ಇಡೀ ಸಿನಿಮಾ ಇಳಿಸಿಕೊಳ್ಳುತ್ತಿದ್ದೆ. ಕೊನೆಗೆ ಆ ಟೀ ಎಷ್ಟು ತಣ್ಣಗಾಗುತ್ತಿತ್ತೆಂದರೆ ಕುಡಿದರೆ ನೆಗಡಿ ಬರುತ್ತಿತ್ತು.

ಹಾಗಾಗಿಯೇ ಸಾದಿಕ್ ನನ್ನ ಹತ್ತಿರ ಬಂದ. ಸಾದಿಕ್ ನನ್ನ ಬೆಂಚಿನವನು, ಮೆಕ್ಯಾನಿಕ್ ಸಾಹೇಬರ ಮಗ. ಪಾಲಿಟೆಕ್ನಿಕ್ ಸೇರಬೇಕೆಂದು ಅವನಿಗೆ ಎಂಟನೇ ಕ್ಲಾಸಿನಿಂದ ಆಸೆ. ಅವರಪ್ಪ ಒಂದೇ ಮಾತು ಹೇಳಿದ್ದರು: ಈ ಸಲ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಸೋಮವಾರದಿಂದ ಗ್ಯಾರೇಜಿಗೆ ಬಾ. ಸಾಹೇಬರು ಮಾತು ತಪ್ಪುವವರಲ್ಲ, ಅವನ ಅಳತೆಗೆ ಖಾಕಿ ಅಂಗಿ ಕೂಡ ಹೊಲಿಸಿಟ್ಟಿದ್ದರು. ಅರ್ಜಿ ಹಾಕಲು ಅದೇ ಕೊನೆಯ ದಿನ, ಸಂಜೆ ಐದಕ್ಕೆ ಮುಕ್ತಾಯ. ತಾಲ್ಲೂಕು ಕಚೇರಿಯಿಂದ ಆದಾಯ ಪ್ರಮಾಣಪತ್ರ ಸಿಕ್ಕಿದ್ದೇ ಅವತ್ತು ಮಧ್ಯಾಹ್ನ. ಅಷ್ಟರಲ್ಲಿ ರಸ್ತೆ ಅಗೆಯುವ ಜೆಸಿಬಿ ಯಾವುದೋ ಕೇಬಲ್ ಕಿತ್ತುಹಾಕಿ, ಊರಿನ ಫೋನುಗಳೆಲ್ಲ ಸತ್ತುಹೋಗಿದ್ದವು. ಸೈಬರ್ ಸೆಂಟರುಗಳಲ್ಲಿ ಜನ ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು.

"ಇಷ್ಟೇ ತಾನೇ? ಬುಡು, ನಾನಿದೀನಿ," ಎಂದೆ.

ನನಗೆ ಗೊತ್ತಿದ್ದ ಜಾಗಗಳೆಲ್ಲ ಒಂದೊಂದಾಗಿ ಕೈಕೊಟ್ಟವು. ರೈಲ್ವೆ ಸ್ಟೇಷನ್‌ನಲ್ಲಿ ವೈಫೈ ಇತ್ತು, ಆದರೆ ಅದು ಓಟಿಪಿ ಕೇಳಿತು. ಓಟಿಪಿ ಬರಬೇಕಾದರೆ ಫೋನಿಗೆ ನೆಟ್‌ವರ್ಕ್ ಬೇಕು. ನೆಟ್‌ವರ್ಕ್ ಇದ್ದಿದ್ದರೆ ನಾವು ಅಲ್ಲಿಗೆ ಯಾಕೆ ಹೋಗುತ್ತಿದ್ದೆವು? ಸಾದಿಕ್ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು, "ಖಾಕಿ ನಂಗೆ ಒಪ್ಪುತ್ತೇನ್ಲಾ?" ಎಂದ. ನಗಿಸಲು ಹೇಳಿದ್ದು, ಆದರೆ ಪ್ರಮಾಣಪತ್ರವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದ.

ಉಳಿದಿದ್ದು ಲೋಕೇಶಣ್ಣನ ಕೆಫೆ. ತುರುವೇಕೆರೆ ರಸ್ತೆಯಲ್ಲಿ, ಊರು ದಾಟಿದ ಮೇಲೆ, ಅವರ ಹಳೆಯ ಹೆಂಚಿನ ಮನೆಯ ಮುಂಭಾಗಕ್ಕೆ ಬಣ್ಣ ಹೊಡೆದು ಮಾಡಿದ್ದು. ಅಲ್ಲಿಗೆ ಬರುತ್ತಿದ್ದದ್ದು ಬೇರೆ ಇಂಟರ್ನೆಟ್ ಲೈನು, ಜೆಸಿಬಿ ಅದನ್ನು ಮುಟ್ಟಿರಲಿಲ್ಲ. ಕೆಳಗೆ ಬರ್ಗರ್, ಮಿಲ್ಕ್‌ಶೇಕ್. ತಲೆಯ ಮೇಲೆ ಅಟ್ಟದ ತುಂಬ ತೆಂಗಿನಕಾಯಿ. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯಾಗುತ್ತದೆ. ಆಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಆ ಸದ್ದು ಕೇಳಿ ಆರಿಸುವುದರಲ್ಲಿ ಲೋಕೇಶಣ್ಣನ ತಂದೆ ಗಟ್ಟಿಗರು. ಆ ಅಟ್ಟಕ್ಕೆ ಕಾಯಿ ತುಂಬಿಸಿದ ಮೇಲೆ ಅವರು ತೀರಿಕೊಂಡರು. ಲೋಕೇಶಣ್ಣನಿಗೆ ಕಾಫಿ ಮೇಲೆ ನೊರೆಯಲ್ಲಿ ಹೂವು ಬಿಡಿಸಲು ಬರುತ್ತಿತ್ತು, ಕಾಯಿ ಆರಿಸಲು ಬರುತ್ತಿರಲಿಲ್ಲ. ಇವತ್ತು ನಾಳೆ ಎನ್ನುತ್ತ ಹಾಗೇ ಬಿಟ್ಟಿದ್ದರು.

ಅವರು ಮಾಡಿದ ಇನ್ನೊಂದು ಘನಕಾರ್ಯವೆಂದರೆ ರೂಟರನ್ನೂ ಅಟ್ಟದ ಮೇಲೇ ಇಟ್ಟಿದ್ದು. ಬಂದವರೆಲ್ಲ ಅದರ ಪ್ಲಗ್ ಕಿತ್ತು ತಮ್ಮ ಫೋನ್ ಚಾರ್ಜಿಗೆ ಹಾಕುತ್ತಾರೆಂದು ಕಾಯಿ ರಾಶಿಯ ಹಿಂದೆ, ಮೂಲೆಯಲ್ಲಿ ಬಚ್ಚಿಟ್ಟಿದ್ದರು. ಸಿಗ್ನಲ್ ಕಾಯಿಗಳ ಸಂದಿಯಲ್ಲಿ ತೂರಿ ಬರುವಷ್ಟರಲ್ಲಿ ಅದಕ್ಕೆ ಮುಪ್ಪು ಬಂದಿರುತ್ತಿತ್ತು.

ನಾವು ಅಟ್ಟದ ಬಾಯಿಯ ಕೆಳಗಿನ ಟೇಬಲ್ಲಿನಲ್ಲಿ ಕೂತೆವು. ಬೇರೆ ಗಿರಾಕಿ ಇರಲಿಲ್ಲ. ಕರೆಂಟೂ ಇರಲಿಲ್ಲ, ಇನ್ವರ್ಟರ್ ಆಗಲೇ ಕುಂಯ್ ಕುಂಯ್ ಎಂದು ಅಳುತ್ತಿತ್ತು. ಅರ್ಜಿ ತುಂಬಿದೆ. ಪ್ರಮಾಣಪತ್ರದ ಫೋಟೊ ಏರಿಸಲು ಒತ್ತಿದೆ. ಸುತ್ತುವ ಚಕ್ರ ಸುತ್ತುತ್ತಲೇ ಇತ್ತು.

"ಹೋಗ್ತಾ ಐತೇನ್ಲಾ?"

"ಹೋಗ್ತಾ ಐತೆ, ಸುಮ್ಕಿರು."

"ಎಲ್ಲಿ ಹೋಗ್ತಾ ಐತೆ? ನಮ್ಮಜ್ಜಿ ಥರ ಕುಂತ ಜಾಗದಲ್ಲೇ ಕುಂತೈತೆ."

"ಅಣ್ಣಾ, ರೂಟರ್ ಒಸಿ ಕೆಳಕ್ಕೆ ಇಳಿಸ್ಕೊಡಿ," ಎಂದು ನಾನು ಕೂಗಿದೆ. ಲೋಕೇಶಣ್ಣ ಅಡುಗೆಮನೆಯಿಂದ ಬಂದು ಸಾದಿಕ್‌ನ ಮುಖ ನೋಡಿ, "ಏಣಿ ಮೆಟ್ಲು ಮುರ್ದೈತೆ ಕಣ್ರಪ್ಪ. ಹಿತ್ಲಲ್ಲಿ ಮಲಗ್ಸಿದೀನಿ. ತಡೀರಿ, ಒಂದು ಮೊಳೆ ಹೊಡ್ಕಂಡು ಬತ್ತೀನಿ," ಎಂದು ಓಡಿದರು. ಹಿತ್ತಿಲಿಂದ ಸುತ್ತಿಗೆಯ ಸದ್ದು ಶುರುವಾಯಿತು.

ಸುತ್ತಿಗೆಯ ಏಟುಗಳ ನಡುವೆ ನಮ್ಮ ತಲೆಯ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಲೊಡಲೊಡ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೆತ್ತಗೆ, ದಡ್ ಎಂದು ಕಾಯಿ ಕೆಳಗಿಟ್ಟ ಸದ್ದು.

"ಇಲಿ," ಎಂದೆ.

ಮತ್ತೆ ಒಂದು ಕಾಯಿ ಅಲ್ಲಾಡಿತು. ಇದು ಲೊಡಲೊಡ ಎನ್ನಲಿಲ್ಲ, ಒಳಗೆ ನೀರು ತುಳುಕಿದ ಸದ್ದು. ಅದನ್ನು ಇಟ್ಟದ್ದು ಬೇರೆ ಕಡೆ, ಗೋಡೆಯ ಹತ್ತಿರ. ಅಟ್ಟದ ಹಲಗೆ ಸಂದಿಯಿಂದ ಧೂಳು ನನ್ನ ಮಿಲ್ಕ್‌ಶೇಕ್‌ಗೆ ಉದುರಿತು. ಸಿಗ್ನಲ್ ಒಂದು ಗೆರೆ ಇದ್ದದ್ದು ಎರಡಾಯಿತು. ಫೋಟೊ ಏರಿತು.

ನಾನು ಏನಾದರೂ ತಮಾಷೆ ಮಾಡಬೇಕಿತ್ತು. ಒಂದೂ ಹೊಳೆಯಲಿಲ್ಲ. ಅಲ್ಲಾಡಿಸುವುದು, ಕಿವಿಗೊಡುವಷ್ಟು ಹೊತ್ತು ಸುಮ್ಮನಿರುವುದು, ಇಡುವುದು. ಯಾವ ಆತುರವೂ ಇರಲಿಲ್ಲ. ಆ ನಡುವಿನ ಮೌನಕ್ಕೇ ನಾನು ಹೆದರಿದ್ದು. ಇಲಿ ಕಾಯಿ ಉರುಳಿಸಬಹುದು, ಆದರೆ ಉರುಳಿಸಿ ಯೋಚನೆ ಮಾಡುವುದಿಲ್ಲ. ಹಿತ್ತಿಲಲ್ಲಿ ಸುತ್ತಿಗೆ ಬೀಳುತ್ತಲೇ ಇತ್ತು, ಹಾಗಾಗಿ ಅದು ಲೋಕೇಶಣ್ಣ ಅಲ್ಲ. ಸಾದಿಕ್ ನನ್ನ ಮಣಿಕಟ್ಟು ಹಿಡಿದ ಹಿಡಿತಕ್ಕೆ ವಾರವಿಡೀ ಗುರುತು ಉಳಿದಿತ್ತು. ಎದ್ದು ಓಡೋಣವೆಂದು ಇಬ್ಬರಿಗೂ ಅನ್ನಿಸಿದ್ದು ಸತ್ಯ. ಆದರೆ ಬಾಗಿಲಾಚೆ ಹೋದರೆ ಸಿಗ್ನಲ್ ಇಲ್ಲ, ಸಿಗ್ನಲ್ ಇಲ್ಲದಿದ್ದರೆ ಖಾಕಿ ಅಂಗಿ.

"ಒತ್ತು," ಎಂದು ಸಾದಿಕ್ ಪಿಸುಗುಟ್ಟಿದ. ಕೊನೆಯ ಗುಂಡಿ ಒತ್ತಿದೆ. ಇನ್ವರ್ಟರ್ ಈಗ ಉಸಿರು ಬಿಡದೆ ಒಂದೇ ಸಮ ಕೂಗುತ್ತಿತ್ತು. ಚಕ್ರ ನಿಂತಿತು. ಮೇಲೆಯೂ ಸದ್ದು ನಿಂತಿತು. ಆಮೇಲೆ ನೆತ್ತಿಯ ನೇರಕ್ಕೆ, ಹಲಗೆಯ ಆಚೆಯಿಂದಲೇ, ಒಂದು ಕಾಯಿ ಲೊಡಲೊಡ ಎಂದಿತು. ಸ್ಕ್ರೀನಿನ ಮೇಲೆ ಹಸಿರು ಅಕ್ಷರ ಬಂತು: ನಿಮ್ಮ ಅರ್ಜಿ ಸ್ವೀಕೃತವಾಗಿದೆ.

"ಆಯ್ತು ತಾತ, ಸಾಕು."

ಅಷ್ಟೇ. ಮೇಲೆ ದಡ್ ಎಂದು ಇಟ್ಟ ಸದ್ದು ಬರಲಿಲ್ಲ. ಮತ್ತೆ ಯಾವ ಸದ್ದೂ ಬರಲಿಲ್ಲ. ಇನ್ವರ್ಟರ್ ಸತ್ತಿತು.

ಲೋಕೇಶಣ್ಣ ಏಣಿ ಹೊತ್ತು ಬಂದು ಟೇಬಲ್ಲಿನ ಮೇಲೆ ಉದುರಿದ ಧೂಳು ನೋಡಿದರು. "ಯಾರ್ಲಾ ಮ್ಯಾಲೆ ಹತ್ತಿದ್ದು?" ಎಂದರು. ನಾವು ತಲೆ ಅಲ್ಲಾಡಿಸಿದೆವು. ಅವರು ಏಣಿ ಒರಗಿಸಿ ಹತ್ತಿದರು. ಅಟ್ಟದ ಬಾಯಿಗೆ ಈ ತುದಿಯಿಂದ ಆ ತುದಿಗೆ ಜೇಡರಬಲೆ ಕಟ್ಟಿತ್ತು. ಅದರ ಒಂದು ಎಳೆಯೂ ಹರಿದಿರಲಿಲ್ಲ, ಅವರ ತಲೆ ತಾಗಿಯೇ ಹರಿದದ್ದು. ಮೊಬೈಲ್ ಬೆಳಕು ಬಿಟ್ಟು ನೋಡಿದವರು ಅಟ್ಟದೊಳಕ್ಕೇ ಹತ್ತಿಹೋದರು. ಆಮೇಲೆ ನಾನೂ ಹತ್ತಿದೆ. ಹೆಂಚು ಒಂದೂ ಸರಿದಿರಲಿಲ್ಲ. ದೊಡ್ಡ ರಾಶಿಯ ಮಧ್ಯೆ ರೂಟರ್‌ವರೆಗೆ ಒಂದು ದಾರಿಯಾಗಿತ್ತು. ದಾರಿಯ ಈ ಕಡೆ ಒಂದು ಸಣ್ಣ ಗುಡ್ಡೆ, ಗೋಡೆಯ ಕಡೆ ಇನ್ನೊಂದು. ಲೋಕೇಶಣ್ಣ ಈ ಕಡೆಯ ಒಂದೊಂದೇ ಕಾಯಿ ಎತ್ತಿ ಅಲ್ಲಾಡಿಸಿದರು. ಎಲ್ಲವೂ ಲೊಡಲೊಡ. ಗೋಡೆಯ ಕಡೆಯದರಲ್ಲಿ ಒಂದೂ ಇಲ್ಲ. ಅವರು ಹಾಗೇ ಅಲ್ಲೇ, ಧೂಳಿನಲ್ಲಿ ಕೂತುಬಿಟ್ಟರು.

ಸಾದಿಕ್‌ಗೆ ಸೀಟು ಸಿಕ್ಕಿತು. ಖಾಕಿ ಅಂಗಿಯನ್ನು ಅವನು ವರ್ಕ್‌ಶಾಪಿಗೆ ಹಾಕಿಕೊಂಡು ಹೋಗುತ್ತಾನೆ. ಇದನ್ನು ಕೇಳಿದವರು ಇಲಿ ಎಂದಿದ್ದಾರೆ, ಕೋತಿ ಎಂದಿದ್ದಾರೆ, ನಿನ್ನ ತಲೆ ಎಂದೂ ಎಂದಿದ್ದಾರೆ. ಅವುಗಳಲ್ಲಿ ಯಾವುದಾದರೂ ಒಂದನ್ನು ಒಪ್ಪಿಕೊಳ್ಳಲು ನಾನು ತಯಾರಿದ್ದೇನೆ.

ಆದರೆ ಅವತ್ತು ಅಟ್ಟದಿಂದ ಇಳಿದ ಮೇಲೆ ಲೋಕೇಶಣ್ಣ ಒಂದು ಮಾತು ಕೇಳಿದರು. "ಹಿತ್ಲಿಗೂ ಕೇಳುಸ್ತು. ನಮ್ಮಪ್ಪನ್ನ ತಾತ ಅಂದು ಕರ್ದಿದ್ದು ನಿಮ್ಮಿಬ್ರಲ್ಲಿ ಯಾರ್ಲಾ?"

ನಾನು ಸಾದಿಕ್‌ನನ್ನು ತೋರಿಸಿದೆ. ಅದೇ ಗಳಿಗೆಗೆ ಅವನು ನನ್ನನ್ನು ತೋರಿಸಿದ. ಇವತ್ತಿಗೂ ಅವನು, "ಅಲ್ಲಾನ ಆಣೆ, ನೀನೇ ಅಂದಿದ್ದು ಕಣ್ಲಾ," ಎನ್ನುತ್ತಾನೆ. ಸಾದಿಕ್ ಸುಳ್ಳು ಹೇಳುವ ಹುಡುಗನಲ್ಲ. ನಾನಾದರೆ ಹೇಳುತ್ತೇನೆ, ಆದರೆ ಅವತ್ತು ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಬಾಯಿ ತೆರೆಯಲೂ ಆಗುತ್ತಿರಲಿಲ್ಲ.